ಸಿವಿಟಿ, ಇಂಜಿನ್, ಪೆಟ್ರೋಲ್: ಪುಣೆಯ ಕನ್ನಡಿಗರು ಪದೇ ಪದೇ ಕೇಳುವ ಪ್ರಶ್ನೆಗಳು

ಚಾಕಣ್ ಕಡೆ ಬಹಳ ವರ್ಷ ಇಂಜಿನ್ ಮತ್ತು ಗೇರ್‌ಬಾಕ್ಸ್ ಪರೀಕ್ಷೆಯ ಕೆಲಸ ಮಾಡಿದವನು ನಾನು. ಭಾನುವಾರ ಕನ್ನಡದವರು ಸೇರಿದಾಗ, ಮದುವೆ ಊಟದ ಪಂಕ್ತಿಯಲ್ಲಿ, ಊರಿಂದ ಬರುವ ಫೋನಿನಲ್ಲಿ ನನಗೆ ಬರುವ ಪ್ರಶ್ನೆಗಳು ಹೆಚ್ಚು ಕಡಿಮೆ ಇವೇ. ಕಾರು ಕೊಳ್ಳುವವರು, ಸ್ಕೂಟರ್ ಓಡಿಸುವವರು, ಇಂಜಿನಿಯರಿಂಗ್ ಓದುವ ಮಕ್ಕಳು ಕೇಳಿದ್ದನ್ನು ಆದಷ್ಟು ಅವರ ಮಾತಿನಲ್ಲೇ ಇಟ್ಟಿದ್ದೇನೆ. ಸುಲಭದ್ದು ಮೊದಲು, ಕಷ್ಟದ್ದು ಆಮೇಲೆ.

## ಮೊದಲ ಪರಿಚಯ

ಸಿವಿಟಿ ಅಂದ್ರೆ ಗೇರೇ ಇರೋದಿಲ್ವಾ?

ಸಿವಿಟಿ (ಕಂಟಿನ್ಯುಯಸ್ಲಿ ವೇರಿಯಬಲ್ ಟ್ರಾನ್ಸ್‌ಮಿಷನ್) ಒಂದು ಬಗೆಯ ಆಟೋಮ್ಯಾಟಿಕ್ ಗೇರ್‌ಬಾಕ್ಸ್. ಅದರಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಇರುವ ಗೇರ್ ಇರುವುದಿಲ್ಲ. ಅದರ ಜಾಗದಲ್ಲಿ ಇಳಿಜಾರು ಇರುತ್ತದೆ ಅಂದುಕೊಳ್ಳಿ. ಎರಡು ಪುಲ್ಲಿ, ನಡುವೆ ಒಂದು ಬೆಲ್ಟ್. ಪ್ರತಿ ಪುಲ್ಲಿಯೂ ಎರಡು ತಟ್ಟೆಗಳನ್ನು ಎದುರುಬದುರು ಇಟ್ಟ ಹಾಗೆ. ತಟ್ಟೆಗಳು ಹತ್ತಿರ ಬಂದರೆ ಬೆಲ್ಟ್ ಅಂಚಿನ ಕಡೆ ಏರುತ್ತದೆ, ದೂರ ಸರಿದರೆ ನಡುವಿಗೆ ಇಳಿಯುತ್ತದೆ. ಒಂದು ಪುಲ್ಲಿಯಲ್ಲಿ ಏರಿದಷ್ಟು ಇನ್ನೊಂದರಲ್ಲಿ ಇಳಿಯಲೇಬೇಕು, ಬೆಲ್ಟಿನ ಉದ್ದ ಬದಲಾಗುವುದಿಲ್ಲವಲ್ಲ. ಹೀಗಾಗಿ ಇಂಜಿನ್ ಎಷ್ಟು ಸುತ್ತು ತಿರುಗಿದರೆ ಚಕ್ರ ಎಷ್ಟು ಸುತ್ತು ತಿರುಗಬೇಕು ಅನ್ನುವ ಲೆಕ್ಕವನ್ನು, ಅಂದರೆ ರೇಶಿಯೊವನ್ನು, ನಡುವೆ ಎಲ್ಲಿ ಬೇಕಾದರೂ ನಿಲ್ಲಿಸಬಹುದು.

ನಮ್ಮನೆ ಸ್ಕೂಟರ್‌ನಲ್ಲಿ ಇರೋದೂ ಇದೇನಾ?

ಹೌದು, ಇದೇ. ಗೇರ್ ಇಲ್ಲದ ಸ್ಕೂಟರ್ ಓಡಿಸುವ ಪ್ರತಿಯೊಬ್ಬರೂ ದಿನವೂ ಸಿವಿಟಿ ಓಡಿಸುತ್ತಿದ್ದಾರೆ. ಪುಣೆಯ ಮಟ್ಟಿಗೆ ಇದು ಹೊಸ ವಿಷಯವೂ ಅಲ್ಲ. 1980ರ ದಶಕದಲ್ಲಿ ಕೈನೆಟಿಕ್ ಹೋಂಡಾ ಬಂದಾಗಿನಿಂದ ಈ ಊರಿನ ಹೆಂಗಸರು, ಕಾಲೇಜು ಹುಡುಗರು ಬೆಲ್ಟಿನ ಮೇಲೆಯೇ ಓಡಾಡಿದ್ದಾರೆ.

ಒಮ್ಮೆ ನಿಮ್ಮ ಮೆಕ್ಯಾನಿಕ್ ಎಡಗಡೆಯ ಕವರ್ ಬಿಚ್ಚಿದಾಗ ಹತ್ತಿರ ನಿಂತು ನೋಡಿ. ಮುಂದಿನ ಪುಲ್ಲಿಯ ಹಿಂದೆ ಆರು ಪುಟ್ಟ ರೋಲರ್‌ಗಳು ಇರುತ್ತವೆ. ಪ್ರತಿಯೊಂದೂ ದಪ್ಪ ನಾಣ್ಯಗಳನ್ನು ಒಂದರ ಮೇಲೊಂದು ಇಟ್ಟಷ್ಟು ಗಾತ್ರ. ಇಂಜಿನ್ ಜೋರಾಗಿ ತಿರುಗಿದಷ್ಟು ಅವು ಹೊರಕ್ಕೆ ಎಸೆಯಲ್ಪಟ್ಟು, ಇಳಿಜಾರಾದ ದಾರಿಯ ಮೇಲೆ ಹತ್ತಿ, ಪುಲ್ಲಿಯ ತಟ್ಟೆಯನ್ನು ಒತ್ತುತ್ತವೆ. ಬೆಲ್ಟ್ ಮುಂದೆ ಮೇಲೇರುತ್ತದೆ. ಹಿಂದಿನ ಪುಲ್ಲಿಯಲ್ಲಿ ಒಂದು ಸ್ಪ್ರಿಂಗ್ ಇದೆ, ಓರೆಯಾಗಿ ಕೊರೆದ ತೋಡೂ ಇದೆ. ಏರು ಬಂದು ಚಕ್ರದ ಮೇಲೆ ಭಾರ ಬಿದ್ದರೆ ಆ ಓರೆತೋಡು ಹಿಂದಿನ ತಟ್ಟೆಗಳನ್ನು ಬಿಗಿ ಮಾಡುತ್ತದೆ, ಬೆಲ್ಟ್ ಹಿಂದೆ ಮೇಲೇರುತ್ತದೆ. ಅಂದರೆ ಗೇರ್ ತಾನೇ ಇಳಿಯಿತು. ಕಂಪ್ಯೂಟರ್ ಇಲ್ಲ, ಸೆನ್ಸರ್ ಇಲ್ಲ, ವೈರ್ ಇಲ್ಲ. ತೂಕ ಮತ್ತು ಸ್ಪ್ರಿಂಗ್ ಜಗ್ಗಾಡಿ ಗೇರ್ ತೀರ್ಮಾನ ಮಾಡುತ್ತವೆ. ಇಷ್ಟು ವರ್ಷ ನೋಡಿದರೂ ನನಗೆ ಇದರ ಮೇಲಿನ ಅಕ್ಕರೆ ಕಡಿಮೆಯಾಗಿಲ್ಲ.

ಎಎಂಟಿ, ಡಿಸಿಟಿ, ಸಿವಿಟಿ... ಎಲ್ಲ ಆಟೋಮ್ಯಾಟಿಕ್ ತಾನೆ, ಏನು ವ್ಯತ್ಯಾಸ?

ಓಡಿಸುವವರಿಗೆ ಮೂರರಲ್ಲೂ ಕ್ಲಚ್ ಪೆಡಲ್ ಇಲ್ಲ. ಒಳಗೆ ಬೇರೆ ಬೇರೆ. ಎಎಂಟಿ ಅಂದರೆ ಮಾಮೂಲಿ ಗೇರ್‌ಬಾಕ್ಸಿನ ಗೇರನ್ನೇ ಮೋಟರ್ ಅಥವಾ ಎಣ್ಣೆಯ ಒತ್ತಡ ನಿಮ್ಮ ಬದಲು ಹಾಕುತ್ತದೆ. ಡಿಸಿಟಿಯಲ್ಲಿ ಎರಡು ಕ್ಲಚ್ ಇರುತ್ತದೆ, ಮುಂದಿನ ಗೇರ್ ಮೊದಲೇ ಸಿದ್ಧವಾಗಿ ಕಾದಿರುತ್ತದೆ. ಎರಡರಲ್ಲೂ ಗೇರ್‌ಗಳ ಸಂಖ್ಯೆ ಎಣಿಸಬಹುದು. ಸಿವಿಟಿಯಲ್ಲಿ ಎಣಿಸಲು ಏನೂ ಇಲ್ಲ.

ಕಾರಿನಲ್ಲೂ ರಬ್ಬರ್ ಬೆಲ್ಟೇ ಇರುತ್ತಾ? ಕಿತ್ತುಹೋದ್ರೆ?

ಇಲ್ಲ, ಕಾರಿನದು ಉಕ್ಕಿನದು. ಸುಮಾರು 400 ತೆಳು ಉಕ್ಕಿನ ತುಂಡುಗಳನ್ನು ಸಾಲಾಗಿ ನಿಲ್ಲಿಸಿ, ಅವುಗಳ ಎರಡೂ ಪಕ್ಕಕ್ಕೆ ಕಾಗದದಂಥ ಉಕ್ಕಿನ ಬಳೆಗಳನ್ನು ಪದರ ಪದರವಾಗಿ ಹಾಕಿರುತ್ತಾರೆ. ರಬ್ಬರ್ ಬೆಲ್ಟ್ ಎಳೆಯುತ್ತದೆ. ಇದು ತಳ್ಳುತ್ತದೆ. ಒಂದು ತುಂಡು ಮುಂದಿನದನ್ನು ದೂಡಿ ಶಕ್ತಿ ದಾಟಿಸುತ್ತದೆ. ಕೆಲವು ಕಾರುಗಳಲ್ಲಿ ಬೆಲ್ಟಿನ ಬದಲು ಚೈನ್ ಇರುವುದೂ ಉಂಟು. ಸರಿಯಾದ ಎಣ್ಣೆ ಇದ್ದರೆ ಇವು ಬಹಳ ಕಾಲ ಬಾಳುತ್ತವೆ.

ಎಣ್ಣೆಯ ವಿಷಯ ಇಲ್ಲೇ ಹೇಳಿಬಿಡುತ್ತೇನೆ. ನನ್ನ ಪರಿಚಯದವರೊಬ್ಬರ ಕಾರಿಗೆ ಗ್ಯಾರೇಜಿನವರು ಮಾಮೂಲಿ ಆಟೋಮ್ಯಾಟಿಕ್ ಎಣ್ಣೆ ಹಾಕಿಬಿಟ್ಟರು. ಸ್ವಲ್ಪ ದಿನಕ್ಕೆ ಹೊರಡುವಾಗ ನಡುಗುವುದಕ್ಕೆ ಶುರುವಾಯಿತು. ಸಿವಿಟಿ ಎಣ್ಣೆ ಬರೀ ಜಾರಿಸುವ ಎಣ್ಣೆಯಲ್ಲ. ಉಕ್ಕು ಉಕ್ಕನ್ನು ಹಿಡಿಯುವಷ್ಟು ಹಿಡಿತವನ್ನೂ ಅದೇ ಕೊಡಬೇಕು. ಕಾರಿನ ಪುಸ್ತಕದಲ್ಲಿ ಬರೆದಿರುವ ಎಣ್ಣೆಯನ್ನೇ ಹಾಕಿಸಿ, ಡಬ್ಬಿ ಕಣ್ಣಾರೆ ನೋಡಿ.

## ಪೆಟ್ರೋಲ್ ಲೆಕ್ಕ

ಗೇರ್‌ಬಾಕ್ಸ್ ಹೇಗ್ರೀ ಪೆಟ್ರೋಲ್ ಉಳಿಸ್ತದ? ಸುಡೋದು ಇಂಜಿನ್ ಅಲ್ವಾ?

ಇಡೀ ವಿಷಯದ ಹೃದಯವೇ ಈ ಪ್ರಶ್ನೆ. ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ಪುಣೆ–ಬೆಂಗಳೂರು ಹೆದ್ದಾರಿಯಲ್ಲಿ ಸಾತಾರಾ ದಾಟಿ ಸಮತಟ್ಟಿನಲ್ಲಿ ಹೋಗುತ್ತಿದ್ದೀರಿ. ನಾಲ್ಕು ಜನ, ಎಸಿ ಹಾಕಿದ್ದೀರಿ, ವೇಗ ಗಂಟೆಗೆ 100 ಕಿ.ಮೀ. ಹತ್ತಿರ. ಕಾರಿಗೆ ಆಗ ಬೇಕಾಗುವುದು ಸುಮಾರು 15 ಕಿಲೋವ್ಯಾಟ್ ಶಕ್ತಿ. ಈ 15 ಕಿಲೋವ್ಯಾಟನ್ನು ಇಂಜಿನ್ ಹಲವು ಬಗೆಯಲ್ಲಿ ಕೊಡಬಹುದು. ನಿಮಿಷಕ್ಕೆ 3000 ಸುತ್ತು ತಿರುಗುತ್ತಾ 48 ನ್ಯೂಟನ್ ಮೀಟರ್ ಟಾರ್ಕ್ (ತಿರುಗಿಸುವ ಬಲ) ಕೊಟ್ಟರೂ 15 ಕಿಲೋವ್ಯಾಟ್. 1500 ಸುತ್ತು ತಿರುಗುತ್ತಾ 95 ನ್ಯೂಟನ್ ಮೀಟರ್ ಕೊಟ್ಟರೂ 15 ಕಿಲೋವ್ಯಾಟ್. ಚಕ್ರಕ್ಕೆ ಎರಡೂ ಒಂದೇ.

ಪೆಟ್ರೋಲ್ ಟ್ಯಾಂಕಿಗೆ ಒಂದೇ ಅಲ್ಲ. 3000 ಸುತ್ತಿನಲ್ಲಿ ಒಳಗಿನ ತಿಕ್ಕಾಟ ಜಾಸ್ತಿ. ಅದಕ್ಕಿಂತ ಮುಖ್ಯವಾದ ಇನ್ನೊಂದು ಕಾರಣ ಇದೆ. ಅಷ್ಟು ಸುತ್ತಿನಲ್ಲಿ ಸ್ವಲ್ಪವೇ ಟಾರ್ಕ್ ಬೇಕಾದ್ದರಿಂದ ಇಂಜಿನಿಗೆ ಗಾಳಿ ಬಿಡುವ ಥ್ರಾಟಲ್ ಬಾಗಿಲು ಅರೆ ಮುಚ್ಚಿರುತ್ತದೆ. ಮೂಗು ಹಿಡಿದುಕೊಂಡು ಓಡಿದ ಹಾಗೆ, ಇಂಜಿನ್ ಗಾಳಿ ಎಳೆದುಕೊಳ್ಳುವುದಕ್ಕೇ ಶಕ್ತಿ ಖರ್ಚು ಮಾಡುತ್ತದೆ. 1500 ಸುತ್ತಿನಲ್ಲಿ ಬಾಗಿಲು ಅಗಲವಾಗಿ ತೆರೆದಿರುತ್ತದೆ, ಉಸಿರು ಸರಾಗ.

ಅಂಕಿಯಲ್ಲಿ ಹೇಳಬೇಕಾದರೆ, ಮಧ್ಯಮ ಗಾತ್ರದ ಪೆಟ್ರೋಲ್ ಇಂಜಿನ್ ಒಳ್ಳೆಯ ಜಾಗದಲ್ಲಿ ಒಂದು ಕಿಲೋವ್ಯಾಟ್ ಗಂಟೆಗೆ 250 ಗ್ರಾಂ ಆಸುಪಾಸು ಪೆಟ್ರೋಲ್ ಕೇಳುತ್ತದೆ, ಅಷ್ಟು ಒಳ್ಳೆಯದಲ್ಲದ ಜಾಗದಲ್ಲಿ 300 ಗ್ರಾಂ. 15 ಕಿಲೋವ್ಯಾಟಿಗೆ ಒಂದು ಗಂಟೆಯಲ್ಲಿ 750 ಗ್ರಾಂ ವ್ಯತ್ಯಾಸ. ಅದು ಹೆಚ್ಚು ಕಡಿಮೆ ಒಂದು ಲೀಟರ್. 100 ಕಿ.ಮೀ.ಗೆ ಒಂದು ಲೀಟರ್! ಕಾರು ಅದೇ, ರಸ್ತೆ ಅದೇ, ವೇಗ ಅದೇ. ಬದಲಾದದ್ದು ಇಂಜಿನನ್ನು ಎಲ್ಲಿ ಕೂರಿಸಿದ್ದೇವೆ ಅನ್ನುವುದು ಮಾತ್ರ.

ಬೆಲ್ಟ್ ತಾನಾಗಿ ಒಂದು ಹನಿಯನ್ನೂ ಉಳಿಸುವುದಿಲ್ಲ. ಇಂಜಿನನ್ನು ಒಳ್ಳೆಯ ಜಾಗದಲ್ಲಿ ಕೂರಿಸುವ ತೀರ್ಮಾನ ಉಳಿಸುತ್ತದೆ. ಆ ತೀರ್ಮಾನವನ್ನು ಕ್ಷಣ ಕ್ಷಣವೂ ಜಾರಿಗೆ ತರಲು ಬೆಲ್ಟ್ ಅವಕಾಶ ಮಾಡಿಕೊಡುತ್ತದೆ.

ಆ 'ಒಳ್ಳೆಯ ಜಾಗ' ಯಾವುದು ಅಂತ ಯಾರು ಹೇಳ್ತಾರೆ?

ಇಂಜಿನೇ ಹೇಳುತ್ತದೆ, ನಾವು ಕೇಳಿಸಿಕೊಳ್ಳಬೇಕು. ಪರೀಕ್ಷೆಯ ಕೋಣೆಯಲ್ಲಿ ಇಂಜಿನನ್ನು ಡೈನಮೋಮೀಟರ್‌ಗೆ ಕಟ್ಟುತ್ತಾರೆ. ಅದು ಇಂಜಿನನ್ನು ಬೇಕಾದಷ್ಟು ಭಾರ ಹಾಕಿ ತಡೆದು ಹಿಡಿಯುವ ಯಂತ್ರ. 1000 ಸುತ್ತು, ಸ್ವಲ್ಪ ಟಾರ್ಕ್; ನಿಲ್ಲು, ಪೆಟ್ರೋಲ್ ಅಳೆ. ಟಾರ್ಕ್ ಸ್ವಲ್ಪ ಏರಿಸು, ಮತ್ತೆ ಅಳೆ. ಆಮೇಲೆ 1250 ಸುತ್ತು. ಹೀಗೆ ನೂರಾರು ಬಿಂದುಗಳು. ಗಾಜಿನ ಆಚೆ ಇಂಜಿನ್ ಕೂಗುತ್ತಿರುತ್ತದೆ, ಸೈಲೆನ್ಸರ್ ಪೈಪ್ ಕೆಂಪಗೆ ಹೊಳೆಯುತ್ತಿರುತ್ತದೆ. ಈಚೆ ನಾವು ಚಹಾ ಆರಿಹೋಗುವವರೆಗೂ ಅಂಕಿ ಸ್ಥಿರವಾಗಲಿ ಅಂತ ಕಾಯುತ್ತಿರುತ್ತೇವೆ.

ಆ ಅಂಕಿಗಳನ್ನೆಲ್ಲ ಹಾಳೆಯ ಮೇಲೆ ಇಟ್ಟರೆ ಬೆಟ್ಟದ ನಕ್ಷೆಯ ಹಾಗೆ ಕಾಣುತ್ತದೆ, ಸುತ್ತು ಸುತ್ತು ಗೆರೆಗಳು. ನಡುವಿನ ಪುಟ್ಟ ದ್ವೀಪದಲ್ಲಿ ಖರ್ಚು ತೀರಾ ಕಡಿಮೆ. ಆದರೆ ಕಾರಿಗೆ ಯಾವಾಗಲೂ ಆ ದ್ವೀಪದಷ್ಟೇ ಶಕ್ತಿ ಬೇಕಿರುವುದಿಲ್ಲ. ಅದಕ್ಕೆ 5 ಕಿಲೋವ್ಯಾಟಿಗೆ ಅಗ್ಗದ ಬಿಂದು ಯಾವುದು, 10ಕ್ಕೆ ಯಾವುದು, 20ಕ್ಕೆ ಯಾವುದು ಅಂತ ಹುಡುಕಿ, ಅವುಗಳನ್ನು ಸೇರಿಸಿ ಒಂದು ಗೆರೆ ಎಳೆಯುತ್ತಾರೆ. ಈ ಗೆರೆಯೇ ಕಂಪ್ಯೂಟರಿನ ಒಳಗೆ ಕೂರುವ ಕೋಷ್ಟಕ.

ಹಾಗಾದ್ರೆ ಯಾವಾಗಲೂ ಆ ಗೆರೆ ಮೇಲೇ ಓಡಿಸಿದ್ರೆ ಆಯ್ತಲ್ವಾ?

ಲೆಕ್ಕಕ್ಕೆ ಹೌದು, ಓಡಿಸಲು ಕಷ್ಟ. ಆ ಗೆರೆ ಬಹುಪಾಲು ಕಡಿಮೆ ಸುತ್ತು, ಹೆಚ್ಚು ಟಾರ್ಕ್ ಇರುವ ಕಡೆ ಹೋಗುತ್ತದೆ. ಅಲ್ಲಿ ಇಂಜಿನ್ ಆಗಲೇ ತನ್ನ ಶಕ್ತಿಯ ತುದಿಯ ಹತ್ತಿರ ಇರುತ್ತದೆ. ನೀವು ಇದ್ದಕ್ಕಿದ್ದಂತೆ ಓವರ್‌ಟೇಕ್ ಮಾಡಬೇಕು ಅಂದರೆ ಕೊಡಲು ಕೈಯಲ್ಲಿ ಏನೂ ಉಳಿದಿರುವುದಿಲ್ಲ. ಜತೆಗೆ ಕಡಿಮೆ ಸುತ್ತಿನಲ್ಲಿ ಭಾರ ಎಳೆಸಿದರೆ ಸ್ಟಿಯರಿಂಗ್, ಸೀಟು ಗುಂಯ್ ಅಂತ ನಡುಗುತ್ತವೆ. ಹಾಗಾಗಿ ಗೆರೆಯಿಂದ ಸ್ವಲ್ಪ ಆಚೆ, ಹೆಚ್ಚು ಸುತ್ತಿನ ಕಡೆಗೆ ಸರಿದು ಓಡಿಸುತ್ತಾರೆ. ಎಷ್ಟು ಸರಿಯಬೇಕು ಅನ್ನುವುದರಲ್ಲೇ ಇಕೋ ಮೋಡ್, ಸ್ಪೋರ್ಟ್ ಮೋಡ್ ಅನ್ನುವ ವ್ಯತ್ಯಾಸ ಬರುತ್ತದೆ. ಇಕೋ ಒತ್ತಿದರೆ ಗೆರೆಗೆ ಹತ್ತಿರ, ಸ್ಪೋರ್ಟ್ ಒತ್ತಿದರೆ ದೂರ.

ನಾನು ಆಕ್ಸಿಲರೇಟರ್ ಒತ್ತಿದ ಕೂಡ್ಲೆ ಒಳಗೆ ಏನೇನು ಆಗುತ್ತೆ?

ನಿಮ್ಮ ಪಾದ ಈಗಿನ ಕಾರಿನಲ್ಲಿ ಥ್ರಾಟಲನ್ನು ನೇರ ಎಳೆಯುವುದಿಲ್ಲ. ಪೆಡಲ್ ಎಷ್ಟು ಒತ್ತಿದ್ದೀರಿ ಅನ್ನುವುದನ್ನು ಸೆನ್ಸರ್ ಓದುತ್ತದೆ. ಕಾರಿನ ವೇಗ ಸೇರಿಸಿ ಕಂಪ್ಯೂಟರ್ ಅದನ್ನು 'ಇವರಿಗೆ ಇಷ್ಟು ಶಕ್ತಿ ಬೇಕು' ಅಂತ ಅರ್ಥ ಮಾಡಿಕೊಳ್ಳುತ್ತದೆ. ಕೋಷ್ಟಕ ನೋಡಿ, ಅಷ್ಟು ಶಕ್ತಿಗೆ ಎಷ್ಟು ಸುತ್ತು, ಎಷ್ಟು ಟಾರ್ಕ್ ಅಂತ ಆರಿಸುತ್ತದೆ. ಟಾರ್ಕಿನ ಕೆಲಸ ಥ್ರಾಟಲಿಗೆ ಹೋಗುತ್ತದೆ, ಸುತ್ತಿನ ಕೆಲಸ ಸಿವಿಟಿಗೆ. ಬೇಕಾದ ಸುತ್ತನ್ನು ಹಿಂದಿನ ಪುಲ್ಲಿಯ ಈಗಿನ ಸುತ್ತಿನಿಂದ ಭಾಗಿಸಿದರೆ ಬೇಕಾದ ರೇಶಿಯೊ ಸಿಕ್ಕಿತು. ಎಣ್ಣೆಯ ಒತ್ತಡ ಬದಲಿಸುವ ವಾಲ್ವ್‌ಗಳು ತಟ್ಟೆಗಳನ್ನು ಸರಿಸುತ್ತವೆ. ಎರಡೂ ಪುಲ್ಲಿಯ ಸುತ್ತನ್ನು ಸೆನ್ಸರ್‌ಗಳು ಅಳೆದು, 'ಕೇಳಿದ್ದಷ್ಟು ಬಂತಾ, ಇನ್ನೂ ಕಡಿಮೆಯಾ' ಅಂತ ತಿಳಿಸುತ್ತವೆ. ವ್ಯತ್ಯಾಸ ಇದ್ದರೆ ಮತ್ತೆ ತಿದ್ದುಪಡಿ. ಒಂದು ಸೆಕೆಂಡಿನೊಳಗೆ ಈ ಸುತ್ತು ಹತ್ತಾರು ಸಲ ನಡೆಯುತ್ತದೆ.

ಸ್ಕೂಟರ್‌ಗೂ ಕಾರಿಗೂ ಇರುವ ದೊಡ್ಡ ವ್ಯತ್ಯಾಸ ಇಲ್ಲೇ ಇದೆ. ಸ್ಕೂಟರಿನ ರೋಲರಿಗೆ ಗೊತ್ತಾಗುವುದು ಸುತ್ತು ಮಾತ್ರ, ಹಿಂದಿನ ಓರೆತೋಡಿಗೆ ಗೊತ್ತಾಗುವುದು ಭಾರ ಮಾತ್ರ. ನಿಮ್ಮ ಮನಸ್ಸು ಎರಡಕ್ಕೂ ಗೊತ್ತಿಲ್ಲ. ಹಾಗಾಗಿ ನಿಧಾನವಾಗಿ ಹೋಗುವಾಗಲೂ ರೋಲರ್ ತೂಕಕ್ಕೆ ತಕ್ಕ ಸುತ್ತಿನಲ್ಲೇ ಇಂಜಿನ್ ತಿರುಗಬೇಕು. ಕಾರಿನ ಸಿವಿಟಿ ಪಾದದ ಮಾತನ್ನೂ ಕೇಳುತ್ತದೆ.

ಇಂಜಿನ್ ಒದರತೈತಿ, ಗಾಡಿ ಮುಂದ ಓಡಂಗಿಲ್ಲ. ಯಾಕ್ರೀ?

ವಿಜಯಪುರದಿಂದ ಬಂದು ಭೋಸರಿಯಲ್ಲಿರುವ ಕಾಕಾ ಒಬ್ಬರು ಖಂಬಾಟ್ಕಿ ಘಾಟ್ ಹತ್ತಿದ ಮರುದಿನವೇ ಫೋನ್ ಮಾಡಿ ಕೇಳಿದ ಪ್ರಶ್ನೆ ಇದು. ಗಾಡಿಗೆ ಏನೂ ಆಗಿರಲಿಲ್ಲ.

ನಮ್ಮ ಕಿವಿ ಗೇರ್ ಗಾಡಿಗೆ ಪಳಗಿದೆ. ಸದ್ದು ಏರಿದರೆ ವೇಗ ಏರಬೇಕು, ಆಮೇಲೆ ಗೇರ್ ಬಿದ್ದು ಸದ್ದು ಇಳಿಯಬೇಕು ಅಂತ ಕಾಯುತ್ತದೆ. ಸಿವಿಟಿಯಲ್ಲಿ ನೀವು ಪೂರ್ತಿ ಒತ್ತಿದರೆ, ಕಂಪ್ಯೂಟರ್ ಇಂಜಿನನ್ನು ಹೆಚ್ಚು ಶಕ್ತಿ ಸಿಗುವ ಸುತ್ತಿಗೆ ಮೊದಲು ಒಯ್ಯುತ್ತದೆ. ಅಲ್ಲೇ ಹಿಡಿದಿಟ್ಟು ರೇಶಿಯೊ ಬದಲಿಸುತ್ತಾ ವೇಗ ಏರಿಸುತ್ತದೆ. ಸದ್ದು ಒಂದೇ ಸಮ, ಸ್ಪೀಡೋಮೀಟರ್ ಮುಳ್ಳು ಮಾತ್ರ ಏರುತ್ತಿರುತ್ತದೆ. ಏರಿನಲ್ಲಂತೂ ವೇಗ ಕಡಿಮೆ, ಸದ್ದು ಜಾಸ್ತಿ. 1200 ಕಿಲೋ ಕಾರು ನೂರು ಮೀಟರಿಗೆ ನಾಲ್ಕು ಮೀಟರ್ ಏರುವ ರಸ್ತೆಯನ್ನು ಗಂಟೆಗೆ 60 ಕಿ.ಮೀ.ನಲ್ಲಿ ಹತ್ತಲು, ಸಮತಟ್ಟಿಗಿಂತ ಸುಮಾರು 8 ಕಿಲೋವ್ಯಾಟ್ ಹೆಚ್ಚು ಬೇಕು. ಆ ಶಕ್ತಿ ಸುತ್ತು ಏರಿಸಿಯೇ ಬರಬೇಕು.

ಪೆಡಲನ್ನು ಒಂದೇ ಸಲ ತುಳಿಯದೆ, ಅರ್ಧದಷ್ಟು ಒತ್ತಿ ಹಿಡಿಯಿರಿ. ಸದ್ದು ಅರ್ಧ ಇಳಿಯುತ್ತದೆ, ವೇಗ ಅಷ್ಟೇನೂ ಕಡಿಮೆಯಾಗುವುದಿಲ್ಲ. ಕಾಕಾ ಈಗ ಹಾಗೇ ಓಡಿಸುತ್ತಿದ್ದಾರೆ. ಆದರೆ ಸದ್ದು ಏರಿದ ಜತೆ ಸುಟ್ಟ ವಾಸನೆ ಬಂದರೆ, ಸಮತಟ್ಟಿನಲ್ಲೂ ಸುತ್ತು ಏರಿ ವೇಗ ಏರದಿದ್ದರೆ, ಅದು ಬೆಲ್ಟ್ ಜಾರುತ್ತಿರುವ ಲಕ್ಷಣ. ಆಗ ಓಡಿಸಬೇಡಿ.

ನಿಜವಾದ ಗೇರ್ ಇಲ್ಲದಿದ್ರೂ ನನ್ನ ಕಾರು ಗೇರ್ ಬದಲಿಸಿದ ಹಾಗೆ ಮಾಡುತ್ತೆ. ಅದ್ಯಾಕೆ?

ಮೇಲಿನ ದೂರು ಕೇಳಿ ಕೇಳಿ ಕಂಪನಿಗಳು ಮಾಡಿದ ವ್ಯವಸ್ಥೆ ಅದು. ಜೋರಾಗಿ ಒತ್ತಿದಾಗ ರೇಶಿಯೊವನ್ನು ಜಾರಿಸುವ ಬದಲು ಆರು ಏಳು ಮೆಟ್ಟಿಲಲ್ಲಿ ನಿಲ್ಲಿಸಿ ನಿಲ್ಲಿಸಿ ಬದಲಿಸುತ್ತಾರೆ. ಕಿವಿಗೆ ಹಿತ. ಆ ಸಮಯದಲ್ಲಿ ಗೆರೆಯಿಂದ ಸ್ವಲ್ಪ ಆಚೆ ಹೋಗುವುದರಿಂದ ಚೂರು ಪೆಟ್ರೋಲ್ ಜಾಸ್ತಿ ಹೋಗುತ್ತದೆ. ನಿಧಾನವಾಗಿ ಓಡಿಸುವಾಗ ಹೆಚ್ಚಿನ ಕಾರುಗಳು ಮೆಟ್ಟಿಲು ಬಿಟ್ಟು ಮತ್ತೆ ಜಾರುವ ರೀತಿಗೆ ಬರುತ್ತವೆ. ನನ್ನ ಮಟ್ಟಿಗೆ ಇದು ಒಳ್ಳೆಯ ರಾಜಿ.

ಎಆರ್‌ಎಐ ಹೇಳಿದ ಅವರೇಜ್ ನನಗೆ ಯಾವತ್ತೂ ಬಂದಿಲ್ಲ. ಸಿವಿಟಿ ಮೋಸನಾ?

ಪುಣೆಯಲ್ಲಿ ಮೈಲೇಜಿಗೆ 'ಅವರೇಜ್' ಅನ್ನುತ್ತಾರೆ, ನಾವೂ ಅದನ್ನೇ ರೂಢಿ ಮಾಡಿಕೊಂಡಿದ್ದೇವೆ. ಎಆರ್‌ಎಐ ವಾಹನಗಳನ್ನು ಪರೀಕ್ಷಿಸುವ ನಮ್ಮ ಊರಿನದೇ ಸಂಸ್ಥೆ, 1966ರಲ್ಲಿ ಶುರುವಾಗಿದ್ದು, ಕೋಥ್ರೂಡ್ ಹತ್ತಿರದ ಬೆಟ್ಟದ ಮೇಲಿದೆ. ಪರೀಕ್ಷೆಯಲ್ಲಿ ಕಾರನ್ನು ಉರುಳೆಗಳ ಮೇಲೆ ನಿಲ್ಲಿಸಿ, ಎಷ್ಟು ಹೊತ್ತಿಗೆ ಎಷ್ಟು ವೇಗ ಅಂತ ಮೊದಲೇ ಬರೆದಿಟ್ಟ ಪಟ್ಟಿಯ ಪ್ರಕಾರ ಓಡಿಸುತ್ತಾರೆ. ಆ ಪಟ್ಟಿಯಲ್ಲಿ ವೇಗ ಏರುವುದು ಬಹಳ ನಿಧಾನ, ಗರಿಷ್ಠ ವೇಗ ಗಂಟೆಗೆ 90 ಕಿ.ಮೀ. ಅಂಥ ಮೆತ್ತನೆಯ ಓಟದಲ್ಲಿ ಸಿವಿಟಿ ತನ್ನ ಗೆರೆಯ ಮೇಲೇ ಕೂತಿರುತ್ತದೆ, ಅಂಕಿ ಚೆನ್ನಾಗಿ ಬರುತ್ತದೆ. ಹಿಂಜವಡಿ ಸಿಗ್ನಲ್‌ನಲ್ಲಿ ಹಸಿರು ಬಿದ್ದ ಕೂಡಲೇ ನುಗ್ಗಿದರೆ ಗೆರೆ ಬಿಟ್ಟು ದೂರ ಹೋಗುತ್ತದೆ.

ಇನ್ನೊಂದು ಮಾತು. ಮ್ಯಾನುಯಲ್ ಗೇರಿನಲ್ಲಿ ಹಲ್ಲಿಗೆ ಹಲ್ಲು ಸಿಕ್ಕಿ ತಿರುಗುವುದರಿಂದ ದಾರಿಯಲ್ಲಿ ಶಕ್ತಿ ನಷ್ಟ ತೀರಾ ಕಡಿಮೆ. ಸಿವಿಟಿಯಲ್ಲಿ ಬೆಲ್ಟ್ ತಿಕ್ಕಾಟವೂ ಇದೆ, ಎಣ್ಣೆ ಪಂಪ್ ಓಡಿಸುವ ಖರ್ಚೂ ಇದೆ. ಇಂಜಿನನ್ನು ಒಳ್ಳೆಯ ಜಾಗದಲ್ಲಿ ಇಟ್ಟು ಗಳಿಸಿದ್ದರಲ್ಲಿ ಒಂದು ಭಾಗ ಇಲ್ಲಿ ಕಳೆದುಹೋಗುತ್ತದೆ. ನಗರದ ಓಡಾಟದಲ್ಲಿ ಗಳಿಕೆ ಮೇಲು. ಹೈವೇಯಲ್ಲಿ ಒಂದೇ ವೇಗದಲ್ಲಿ ಗಂಟೆಗಟ್ಟಲೆ ಹೋಗುವವರಿಗೆ ಟಾಪ್ ಗೇರಿನ ಮ್ಯಾನುಯಲ್ ಸಮಕ್ಕೆ ನಿಲ್ಲಬಹುದು, ಮೀರಲೂಬಹುದು.

## ರಸ್ತೆಯ ಮೇಲೆ

ಘಾಟ್ ಇಳಿಯುವಾಗ ಬರೀ ಬ್ರೇಕ್ ಮೇಲೆ ಇಳಿಯಬೇಕಾ?

ಬೇಡ. ಕಾರಿನಲ್ಲಿ ಎಲ್, ಬಿ ಅಥವಾ ಎಸ್ ಅಂತ ಇದ್ದರೆ ಇಳಿಜಾರು ಶುರುವಾಗುವ ಮೊದಲೇ ಅದಕ್ಕೆ ಹಾಕಿ. ಇಂಜಿನ್ ಸುತ್ತು ಏರುತ್ತದೆ, ಅದೇ ಕಾರನ್ನು ಹಿಡಿದು ಇಳಿಸುತ್ತದೆ. ಪೆಡಲ್ ಪೂರ್ತಿ ಬಿಟ್ಟಿರುವಾಗ ಪೆಟ್ರೋಲ್ ಸಿಂಪಡಿಸುವುದೂ ನಿಂತಿರುತ್ತದೆ, ಹಾಗಾಗಿ ಸದ್ದು ಬಂತು ಅಂತ ಖರ್ಚಿನ ಚಿಂತೆ ಬೇಡ.

ಸ್ಕೂಟರ್ ವಿಷಯ ಬೇರೆ, ಇದನ್ನು ಸಿಂಹಗಡದಿಂದ ಇಳಿಯುವವರು, ಗೋವಾದಲ್ಲಿ ಬಾಡಿಗೆಗೆ ತೆಗೆದುಕೊಂಡು ಗುಡ್ಡದ ರಸ್ತೆಗೆ ಹೋಗುವವರು ದಯವಿಟ್ಟು ನೆನಪಿಡಿ. ಸ್ಕೂಟರಿನ ಹಿಂದಿನ ಕ್ಲಚ್ ಸುತ್ತು ಇದ್ದರಷ್ಟೇ ಹಿಡಿಯುತ್ತದೆ. ತೀರಾ ನಿಧಾನವಾದರೆ ಕ್ಲಚ್ ಬಿಟ್ಟುಬಿಡುತ್ತದೆ, ಇಂಜಿನ್ ತಡೆಯುವುದು ನಿಲ್ಲುತ್ತದೆ, ಗಾಡಿ ಮುಕ್ತವಾಗಿ ಉರುಳುತ್ತದೆ. ಕೀ ಆಫ್ ಮಾಡಿ ಇಳಿಯುವುದಂತೂ ಬೇಡವೇ ಬೇಡ. ಎರಡೂ ಬ್ರೇಕ್ ಬಿಟ್ಟು ಬಿಟ್ಟು ಹಿಡಿಯಿರಿ, ನಡುವೆ ನಿಲ್ಲಿಸಿ ತಣ್ಣಗಾಗಲು ಬಿಡಿ.

ಸ್ಕೂಟರ್ ಪಿಕಪ್ ಹೋಗಿದೆ, ಟಾಪ್ ಸ್ಪೀಡೂ ಕಡಿಮೆ. ಇಂಜಿನ್ ಬಿಚ್ಚಿಸಬೇಕಾ?

ಮೊದಲು ಸಿವಿಟಿ ಕವರ್ ಬಿಚ್ಚಿಸಿ. ಬೆಲ್ಟ್ ಸವೆದು ಅಗಲ ಕಡಿಮೆಯಾದರೆ ಅದು ಮುಂದಿನ ಪುಲ್ಲಿಯ ಅಂಚಿನವರೆಗೆ ಏರುವುದಿಲ್ಲ, ಟಾಪ್ ಸ್ಪೀಡ್ ಬಿದ್ದುಹೋಗುತ್ತದೆ. ರೋಲರ್ ಒಂದು ಕಡೆ ಸವೆದು ಚಪ್ಪಟೆಯಾದರೆ ಉರುಳದೆ ಸಿಕ್ಕಿಕೊಳ್ಳುತ್ತದೆ, ಗೇರ್ ಬದಲಾಗುವುದು ತಡವರಿಸುತ್ತದೆ. ಅಂಗೈ ಮೇಲೆ ಇಟ್ಟು ಬೆರಳಿನಿಂದ ಉರುಳಿಸಿ ನೋಡಿ, ಚಪ್ಪಟೆ ಭಾಗ ಬಂದಾಗ ನಿಂತುಬಿಡುತ್ತದೆ. ಹೊಸ ಬೆಲ್ಟು, ರೋಲರಿನ ಖರ್ಚು ಇಂಜಿನ್ ಬಿಚ್ಚಿಸುವುದರ ಮುಂದೆ ಏನೂ ಅಲ್ಲ.

ಸಿಗ್ನಲ್‌ನಲ್ಲಿ ನ್ಯೂಟ್ರಲ್‌ಗೆ ಹಾಕಬೇಕಾ?

ಸಣ್ಣ ಸಿಗ್ನಲ್‌ಗೆ ಬೇಡ, ಡಿಯಲ್ಲೇ ಬ್ರೇಕ್ ಒತ್ತಿಕೊಂಡಿರಿ. ಬಹಳ ಹೊತ್ತು ನಿಂತರೆ ಹಾಕಬಹುದು. ಓಡುತ್ತಿರುವಾಗ ಮಾತ್ರ ಎಂದಿಗೂ ಬೇಡ.

## ಆಳಕ್ಕೆ ಇಳಿಯುವವರಿಗೆ

ಉಕ್ಕಿನ ಮೇಲೆ ಉಕ್ಕು, ಮೇಲೆ ಎಣ್ಣೆ. ಜಾರೋದಿಲ್ವಾ?

ಜಾರದಂತೆ ಒತ್ತಿ ಹಿಡಿಯಬೇಕು, ಅದೇ ನಿಯಂತ್ರಣದ ಅರ್ಧ ಕೆಲಸ. ಕಡಿಮೆ ಒತ್ತಿದರೆ ಬೆಲ್ಟ್ ಜಾರಿ ಪುಲ್ಲಿಯ ಮೈಗೆ ಗೀರು ಬೀಳುತ್ತದೆ. ಒಮ್ಮೆ ಗೀರು ಬಿದ್ದರೆ ಮುಗಿಯಿತು. ಜಾಸ್ತಿ ಒತ್ತಿದರೆ ಪಂಪ್ ಸುಮ್ನೆ ಶಕ್ತಿ ತಿನ್ನುತ್ತದೆ, ತಿಕ್ಕಾಟ ಏರುತ್ತದೆ, ಉಳಿಸಿದ ಪೆಟ್ರೋಲ್ ಇಲ್ಲಿ ಸೋರಿಹೋಗುತ್ತದೆ. ಹಾಗಾಗಿ ಕಂಪ್ಯೂಟರ್ ಇಂಜಿನ್ ಈಗ ಎಷ್ಟು ಟಾರ್ಕ್ ಕೊಡುತ್ತಿದೆ ಅಂತ ಅಂದಾಜು ಮಾಡಿ, ಅದಕ್ಕೆ ಬೇಕಾದ್ದಕ್ಕಿಂತ ಮೂರನೇ ಒಂದು ಭಾಗದಷ್ಟು ಹೆಚ್ಚು ಒತ್ತಡ ಇಡುವುದು ರೂಢಿ.

ಆ ಹೆಚ್ಚುವರಿ ಯಾಕೆ ಅಂತ ಮಳೆಗಾಲದ ಪುಣೆ ರಸ್ತೆ ಚೆನ್ನಾಗಿ ಹೇಳುತ್ತದೆ. ಚಕ್ರ ಗುಂಡಿಗೆ ಬಿದ್ದು ಒಂದು ಕ್ಷಣ ಗಾಳಿಯಲ್ಲಿ ಜೋರಾಗಿ ತಿರುಗಿ, ಮತ್ತೆ ಡಾಂಬರು ಹಿಡಿದ ತಕ್ಷಣ ಇಡೀ ಹೊಡೆತ ಹಿಂದಕ್ಕೆ ಬೆಲ್ಟಿಗೆ ಬರುತ್ತದೆ. ಇಂಜಿನ್ ಕಡೆಯಿಂದ ಮಾಡಿದ ಅಂದಾಜಿನಲ್ಲಿ ಆ ಹೊಡೆತ ಇರುವುದೇ ಇಲ್ಲ. ಈ ಹೆಚ್ಚುವರಿಯನ್ನು ಕಡಿಮೆ ಮಾಡಲು ಬೆಲ್ಟಿನ ಅತಿ ಚಿಕ್ಕ ಜಾರಿಕೆಯನ್ನೇ ಅಳೆದು ಒತ್ತಡ ಹೊಂದಿಸುವ ವಿಧಾನಗಳೂ ಇವೆ.

ಥ್ರಾಟಲ್ ಒಂದು, ರೇಶಿಯೊ ಒಂದು. ಎರಡನ್ನೂ ಕಂಪ್ಯೂಟರ್ ಆಡಿಸಿದರೆ ಒಂದಕ್ಕೊಂದು ಜಗಳ ಆಗೋದಿಲ್ವಾ?

ಇದು ಇಂಜಿನಿಯರಿಂಗ್ ಓದುವ ಹುಡುಗಿಯೊಬ್ಬಳ ಪ್ರಶ್ನೆ. ಬಹಳ ಒಳ್ಳೆಯ ಪ್ರಶ್ನೆ. ಜಗಳ ಆಗುತ್ತದೆ, ಅದನ್ನು ಬಿಡಿಸುವುದೇ ನಮ್ಮ ಕೆಲಸ.

ಥ್ರಾಟಲ್ ಚುರುಕು, ಕಣ್ಣು ಮಿಟುಕಿಸುವಷ್ಟರಲ್ಲಿ ತೆರೆಯುತ್ತದೆ. ರೇಶಿಯೊ ನಿಧಾನ, ಎಣ್ಣೆ ಹರಿದು ತಟ್ಟೆ ಸರಿಯಬೇಕು. ಇನ್ನೊಂದು ತೊಡಕು ಇದೆ. ನೀವು ಪೆಡಲ್ ತುಳಿದಿರಿ, ಕಂಪ್ಯೂಟರ್ ಇಂಜಿನನ್ನು 1500ರಿಂದ 4000 ಸುತ್ತಿಗೆ ಅರ್ಧ ಸೆಕೆಂಡಿನಲ್ಲಿ ಒಯ್ಯಲು ಹೊರಟಿತು ಅಂದುಕೊಳ್ಳಿ. ಇಂಜಿನ್ ಮತ್ತು ಅದಕ್ಕೆ ಅಂಟಿ ತಿರುಗುವ ಭಾಗಗಳ ಜಡತ್ವ 0.15 ಕಿಲೋಗ್ರಾಂ ಚದರ ಮೀಟರ್ ಅಂತ ಇಟ್ಟು ಲೆಕ್ಕ ಹಾಕಿ. ಬರೀ ಅವನ್ನು ಆ ಸುತ್ತಿಗೆ ಏರಿಸಲು ಸುಮಾರು 11,000 ಜೂಲ್ ಬೇಕು. 1100 ಕಿಲೋ ಕಾರನ್ನು ಒಂದು ಮೀಟರ್ ಮೇಲಕ್ಕೆ ಎತ್ತುವಷ್ಟು ಶಕ್ತಿ ಅದು! ಅರ್ಧ ಸೆಕೆಂಡಿನಲ್ಲಿ ಅದನ್ನು ಕೊಡಬೇಕಾದರೆ 22 ಕಿಲೋವ್ಯಾಟ್ ಇಂಜಿನಿನ ಹೊಟ್ಟೆಗೇ ಹೋಯಿತು. ಚಕ್ರಕ್ಕೆ ಆ ಕ್ಷಣ ಮೊದಲಿಗಿಂತಲೂ ಕಡಿಮೆ ಬರಬಹುದು. ಮುಂದೆ ನುಗ್ಗಲಿ ಅಂತ ತುಳಿದರೆ ಕಾರು ಮೊದಲು ಹಿಂದಕ್ಕೆ ಎಳೆದ ಹಾಗೆ ಅನ್ನಿಸುತ್ತದೆ. ಜನ ಇದನ್ನೇ 'ರಬ್ಬರ್ ಎಳೆದ ಹಾಗೆ' ಅನ್ನುತ್ತಾರೆ.

ಹಾಗಾಗಿ ಒಳ್ಳೆಯ ನಿಯಂತ್ರಣದಲ್ಲಿ ಕೆಲಸ ಹಂಚುತ್ತಾರೆ. ತುಳಿದ ಕ್ಷಣ ಥ್ರಾಟಲ್ ಮೊದಲು ತೆರೆದು ಇರುವ ಸುತ್ತಿನಲ್ಲೇ ಸಿಗುವಷ್ಟು ಟಾರ್ಕ್ ಕೊಡುತ್ತದೆ. ರೇಶಿಯೊ ಅವಸರವಿಲ್ಲದೆ, ಗೊತ್ತುಮಾಡಿದ ವೇಗ ಮೀರದೆ ಹಿಂದೆ ಬರುತ್ತದೆ. ಆ ಒಂದೆರಡು ಸೆಕೆಂಡು ಇಂಜಿನ್ ಅಗ್ಗದ ಗೆರೆ ಬಿಟ್ಟು ಆಚೆ ಇರುತ್ತದೆ. ಇರಲಿ. ಶಾಂತವಾದ ಮೇಲೆ ಎರಡೂ ಸೇರಿ ಅದನ್ನು ಗೆರೆಗೆ ತಂದು ಕೂರಿಸುತ್ತವೆ. ಪೆಡಲ್ ಬಿಟ್ಟಾಗ ಇದರ ಉಲ್ಟಾ. ಸುತ್ತನ್ನು ಒಮ್ಮೆಲೇ ಇಳಿಸಿದರೆ ಇಂಜಿನ್ ಕೂಡಿಟ್ಟ ಶಕ್ತಿ ಚಕ್ರಕ್ಕೆ ಹರಿದು, ಕಾಲು ತೆಗೆದರೂ ಕಾರು ಮುಂದೆ ತಳ್ಳಿದಂತಾಗುತ್ತದೆ. ಅಲ್ಲಿಯೂ ತಾಳ್ಮೆ ಬೇಕು.

ಜೋರಾಗಿ ಬ್ರೇಕ್ ಹಾಕಿ ನಿಂತೆ. ಮತ್ತೆ ಹೊರಟಾಗ ಕಾರು ಏಳಲೇ ಇಲ್ಲ. ಯಾಕೆ?

ಬೆಲ್ಟ್ ತಿರುಗುತ್ತಿದ್ದರಷ್ಟೇ ಪುಲ್ಲಿಯ ಮೇಲೆ ಏರಿ ಇಳಿಯಬಲ್ಲದು. ನಿಂತ ಬೆಲ್ಟನ್ನು ಸರಿಸಲು ಹೋದರೆ ಪುಲ್ಲಿಗೆ ಗಾಯ. ನೀವು 80ರಿಂದ ಮೂರೇ ಸೆಕೆಂಡಿನಲ್ಲಿ ನಿಂತಿರಿ. ಟಾಪ್ ಗೇರಿನ ಜಾಗದಿಂದ ಮೊದಲ ಗೇರಿನ ಜಾಗಕ್ಕೆ ಮರಳಲು ಬೆಲ್ಟಿಗೆ ಸಮಯ ಸಾಲಲಿಲ್ಲ, ನಡುವೆಯೇ ಸಿಕ್ಕಿಕೊಂಡಿತು. ಮತ್ತೆ ಹೊರಟಾಗ ಮೂರನೇ ಗೇರಿನಲ್ಲಿ ಹೊರಟ ಹಾಗೆ. ಸ್ವಲ್ಪ ಉರುಳಿದ ಮೇಲೆ ತಾನೇ ಸರಿಹೋಗುತ್ತದೆ. ಅಷ್ಟರವರೆಗೆ ಪೆಡಲ್ ಮೆತ್ತಗೆ ಒತ್ತಿ.

ಸ್ಕೂಟರ್‌ನಲ್ಲಿ ಈ ತೊಂದರೆ ಇಲ್ಲ. ಅದರ ಕ್ಲಚ್ ಹಿಂದಿನ ಪುಲ್ಲಿಯ ನಂತರ ಇದೆ. ಚಕ್ರ ನಿಂತರೂ ಇಂಜಿನ್ ಜತೆ ಬೆಲ್ಟ್ ತಿರುಗುತ್ತಲೇ ಇರುತ್ತದೆ, ಸ್ಪ್ರಿಂಗ್ ಅದನ್ನು ಮೊದಲಿನ ಜಾಗಕ್ಕೆ ತಂದುಬಿಡುತ್ತದೆ.

ಇಷ್ಟು ಒಳ್ಳೆಯ ಉಪಾಯ ಮೊದಲೇ ಯಾಕೆ ಬರಲಿಲ್ಲ?

ಬಂದಿತ್ತು. ನೆದರ್ಲೆಂಡ್ಸ್‌ನ ಹುಬ್ ವಾನ್ ಡೋರ್ನ ಅವರ ಡಾಫ್ ಕಾರು 1958ರಲ್ಲೇ ಸಿವಿಟಿ ಜತೆ ಪ್ರದರ್ಶನಕ್ಕೆ ಬಂತು. ಹೆಸರು ವೇರಿಯೊಮ್ಯಾಟಿಕ್. ಅದರಲ್ಲಿ ರಬ್ಬರ್ ಬೆಲ್ಟ್ ಇತ್ತು. ಸ್ಕೂಟರಿನ ಹಾಗೆ ಹಾರುವ ತೂಕಗಳ ಜತೆಗೆ, ಇಂಜಿನ್ ಗಾಳಿ ಎಳೆಯುವ ನಿರ್ವಾತವನ್ನೂ ನಿಯಂತ್ರಣಕ್ಕೆ ಬಳಸಿದ್ದರು. ಸುತ್ತು ಒಂದು ಸುಳಿವು, ಭಾರ ಇನ್ನೊಂದು. 1958ರ ಮಟ್ಟಿಗೆ ಎಂಥ ಜಾಣತನ ನೋಡಿ. ಆದರೆ ರಬ್ಬರ್ ಬೆಲ್ಟಿಗೆ ದೊಡ್ಡ ಇಂಜಿನ್ ತಡೆಯುವ ಶಕ್ತಿ ಇರಲಿಲ್ಲ. ತಳ್ಳುವ ಉಕ್ಕಿನ ಬೆಲ್ಟ್ ರೂಪುಗೊಂಡ ಮೇಲೆ, 1987ರಲ್ಲಿ ಸುಬಾರು ಜಸ್ಟಿಯಂಥ ಕಾರುಗಳು ಎಲೆಕ್ಟ್ರಾನಿಕ್ ನಿಯಂತ್ರಣದ ಜತೆ ಬಂದವು. 1993ರಲ್ಲಿ ವಿಲಿಯಮ್ಸ್ ತಂಡ ಫಾರ್ಮುಲಾ ಒನ್ ಕಾರಿಗೇ ಸಿವಿಟಿ ಹಾಕಿ ಪರೀಕ್ಷಿಸಿತು. ರೇಸಿಗೆ ಇಳಿಯುವ ಮೊದಲೇ ನಿಯಮ ಬದಲಿಸಿ ಅದಕ್ಕೆ ಅವಕಾಶ ಇಲ್ಲದಂತೆ ಮಾಡಿದರು. 2018ರಲ್ಲಿ ಟೊಯೋಟಾ ಹೊರಡುವ ಹೊತ್ತಿಗೆ ಮಾತ್ರ ಒಂದು ನಿಜವಾದ ಗೇರ್ ಇಟ್ಟು, ಆಮೇಲೆ ಬೆಲ್ಟಿಗೆ ವಹಿಸಿಕೊಡುವ ವಿನ್ಯಾಸ ತಂದಿತು. ಬೆಲ್ಟ್ ಹೆಚ್ಚು ತೊಳಲಾಡುವುದು ಹೊರಡುವಾಗಲೇ ಆದ್ದರಿಂದ ಅದು ಬಹಳ ಸರಿಯಾದ ಯೋಚನೆ.

ಹೈಬ್ರಿಡ್ ಕಾರಿನ ಇ-ಸಿವಿಟಿಯಲ್ಲೂ ಬೆಲ್ಟ್ ಇದೆಯಾ?

1997ರ ಪ್ರಿಯಸ್‌ನಿಂದ ಶುರುವಾದ ಟೊಯೋಟಾ ಬಗೆಯಲ್ಲಿ ಬೆಲ್ಟೇ ಇಲ್ಲ. ನಮ್ಮಲ್ಲಿನ ಗ್ರ್ಯಾಂಡ್ ವಿಟಾರಾ, ಹೈರೈಡರ್ ಸ್ಟ್ರಾಂಗ್ ಹೈಬ್ರಿಡ್‌ಗಳೂ ಅದೇ ಬಗೆ. ಒಂದು ಗೇರ್ ಗೊಂಚಲು, ಎರಡು ಮೋಟರ್. ಒಂದು ಮೋಟರಿನ ಸುತ್ತನ್ನು ಏರಿಳಿಸಿದರೆ ಕಾರಿನ ವೇಗ ಹಾಗೇ ಇದ್ದು ಇಂಜಿನಿನ ಸುತ್ತು ಬದಲಾಗುತ್ತದೆ. ದಾರಿ ಬೇರೆ, ಗುರಿ ಅದೇ ಗೆರೆ. ಮೇಲಾಗಿ ಇಲ್ಲಿ ಬ್ಯಾಟರಿ ಇದೆ. ಗೆರೆಯ ಮೇಲೆ ಇರಲು ಶಕ್ತಿ ಹೆಚ್ಚಾದರೆ ಅದರಲ್ಲಿ ತುಂಬಿಡಬಹುದು, ಇಂಜಿನನ್ನೇ ಆರಿಸಿಬಿಡಲೂಬಹುದು. ಬೆಲ್ಟ್ ಸಿವಿಟಿಗೆ ಆ ಸ್ವಾತಂತ್ರ್ಯ ಇಲ್ಲ.

ಇವಿ ಬಂತಲ್ಲ ಸರ್, ಇನ್ನು ಇದನ್ನೆಲ್ಲ ಕಲಿತು ಏನು ಮಾಡೋದು?

ವಿದ್ಯುತ್ ಮೋಟರ್ ಬಹಳ ಅಗಲವಾದ ವೇಗದ ಹರವಿನಲ್ಲಿ ಚೆನ್ನಾಗಿ ಕೆಲಸ ಮಾಡುತ್ತದೆ, ಅದಕ್ಕೆ ಹೆಚ್ಚಿನ ಇವಿಗಳಲ್ಲಿ ಒಂದೇ ಗೇರ್ ಸಾಕು. ಆದರೆ ಎರಡು ನಿಯಂತ್ರಣ ಕೈಯಲ್ಲಿದೆ, ಒಂದು ಚುರುಕು, ಒಂದು ನಿಧಾನ. ಓಡಿಸುವವರಿಗೂ ಹಿತವಾಗಬೇಕು, ಖರ್ಚೂ ಕಡಿಮೆಯಾಗಬೇಕು. ಈ ಸಮಸ್ಯೆ ಹೈಬ್ರಿಡ್‌ನಲ್ಲೂ ಇದೆ, ಎರಡು ಮೋಟರ್ ಇರುವ ಇವಿಯಲ್ಲೂ ಇದೆ.

ಕಲಿಯುವುದಾದರೆ ಮನೆಯ ಹಳೆ ಸ್ಕೂಟರಿನಿಂದ ಶುರು ಮಾಡಮ್ಮ ಅಂತ ಆ ಹುಡುಗಿಗೆ ಹೇಳಿದೆ. ಇಂಜಿನ್ ಆರಿಸಿ, ತಣ್ಣಗಾದ ಮೇಲೆ ಮೆಕ್ಯಾನಿಕ್ ಜತೆ ಕವರ್ ಬಿಚ್ಚು. ಮುಂದಿನ ಪುಲ್ಲಿಯ ಮೈಮೇಲೆ ಒಳಗಿನಿಂದ ಅಂಚಿನವರೆಗೆ ಮಾರ್ಕರ್ ಪೆನ್ನಿನಲ್ಲಿ ಒಂದು ಗೆರೆ ಎಳೆ. ಕವರ್ ಹಾಕಿಸಿ, ಖಾಲಿ ರಸ್ತೆಯಲ್ಲಿ ಒಂದು ಸುತ್ತು ಹೋಗಿ ಬಾ. ಮತ್ತೆ ಬಿಚ್ಚು. ಬೆಲ್ಟ್ ಎಲ್ಲಿಯವರೆಗೆ ಏರಿತ್ತೋ ಅಲ್ಲಿಯವರೆಗೆ ಮಸಿ ಅಳಿಸಿರುತ್ತದೆ. ಆಮೇಲೆ ರೋಲರ್ ತೂಕ ಬದಲಿಸಿ ಇನ್ನೊಮ್ಮೆ ಎಳೆ, ಇನ್ನೊಮ್ಮೆ ಓಡಿಸು. ಮೊನ್ನೆ ಅವಳು ಎರಡು ಫೋಟೊ ಕಳಿಸಿದ್ದಳು. ಹಳೇ ರೋಲರ್ ಇದ್ದಾಗ ಅಂಚಿನಲ್ಲಿ ಅಳಿಸದೆ ಉಳಿದ ಮಸಿ ಅರ್ಧ ಬೆರಳಷ್ಟು, ಹೊಸತು ಹಾಕಿದ ಮೇಲೆ ಒಂದು ಎಳೆಯಷ್ಟು.